ಹಾಸನಾಂಬೆ ಸಾಲಿನಿಂದ ಕಬ್ ಪ್ಯಾಕ್‌ವರೆಗೆ: ನಮ್ಮ 16 ತಿಂಗಳ ದಾರಿ

ಫೆಬ್ರವರಿ ಮುಗಿದ ಮೇಲೆ ನನಗೆ ಎರಡು ದಿನಕ್ಕೊಂದಾದರೂ ಫೋನ್ ಬರುತ್ತಿದೆ. ಮಗ ಕಬ್ ಪ್ಯಾಕಿಗೆ, ಅಂದರೆ ಸ್ಕೌಟ್ಸ್‌ನಲ್ಲಿ ಚಿಕ್ಕ ಗಂಡುಮಕ್ಕಳ ಗುಂಪಿಗೆ, ಸೇರಿ ಸ್ಕಾರ್ಫ್ ಹಾಕಿಕೊಂಡು ನಿಂತ ಫೋಟೊವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. ನೋಡಿದವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ. "ಮಗೂನ ಎಲ್ಲಿ ಸೇರಿಸಬೇಕು? ಫೀಸ್ ಎಷ್ಟು?" ನಾನೂ ಶುರುವಿನಲ್ಲಿ ಇದನ್ನೇ ಕೇಳಿಕೊಂಡು ಅಲೆದಿದ್ದೆ. ಕರಾಟೆಗೋ ಸಂಗೀತಕ್ಕೋ ಸೇರಿಸಿದ ಹಾಗೆ ಇದೂ ಒಂದು ಕ್ಲಾಸು ಅಂದುಕೊಂಡಿದ್ದೆ. ಹಾಗಲ್ಲ ಅಂತ ಪೂರ್ತಿ ತಿಳಿಯುವ ಹೊತ್ತಿಗೆ ವರ್ಷ ಕಳೆದಿತ್ತು. ಬೇರೆಯವರಿಗೆ ಅಷ್ಟು ದಿನ ಹಿಡಿಯಬಾರದು ಅಂತ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾವಿರುವುದು ಹಾಸನದ ಕುವೆಂಪುನಗರದಲ್ಲಿ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ನಮ್ಮ ಯಜಮಾನರು ಬಸ್ ಓಡಿಸುತ್ತಾರೆ. ಇದೆಲ್ಲ ಶುರುವಾದಾಗ ಮಗನಿಗೆ ಆರೂವರೆ ವರ್ಷ, ಮಗಳಿಗೆ ಮೂರು. ಜೊತೆಗೆ ನಮ್ಮತ್ತೆ ಇದ್ದಾರೆ. ಅವರಿಗೆ ಮಂಡಿನೋವು.

ಶುರುವಾದದ್ದು ಹಾಸನಾಂಬೆ ದರ್ಶನದ ಸಾಲಿನಲ್ಲಿ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆರೆದರೆ ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚಿಬಿಡುತ್ತಾರೆ. ಇರುವ ಕೆಲವೇ ದಿನಗಳಲ್ಲಿ ಊರೂರಿನ ಜನ ಬರುತ್ತಾರೆ. ಅತ್ತೆ ಸಾಲಿನಲ್ಲಿ ನಿಂತು ನಿಂತು ಸುಸ್ತಾಗಿ ಕಂಬಿ ಹಿಡಿದುಕೊಂಡರು. ಅಲ್ಲಿ ನೀರು ಕೊಡುತ್ತಿದ್ದ ಒಬ್ಬ ಸ್ಕೌಟ್ ಹುಡುಗ ಓಡಿ ಬಂದ. ಹನ್ನೆರಡು ವರ್ಷ ಇರಬಹುದು. ಕುತ್ತಿಗೆಗೆ ಸ್ಕಾರ್ಫ್ ಕಟ್ಟಿದ್ದ. ಅತ್ತೆ ಕೈ ಹಿಡಿದು ಪಕ್ಕಕ್ಕೆ ಕೂರಿಸಿ, ನೀರು ಕುಡಿಸಿ, ಅವರು ಎದ್ದು ನಿಲ್ಲುವವರೆಗೆ ಅಲ್ಲೇ ಇದ್ದ. ಅತ್ತೆ ಸೆರಗಿನ ಗಂಟು ಬಿಚ್ಚಿ 20 ರೂಪಾಯಿ ಕೊಡಲು ಹೋದರು. "ಬೇಡ ಅಜ್ಜಿ, ನಾವು ತಗೋಬಾರದು" ಅಂದ. ನನ್ನ ಮಗ ಇದನ್ನೆಲ್ಲ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಕೂತು, "ಅಮ್ಮ, ಆ ಅಣ್ಣನ ಥರ ನಂಗೂ ಕಟ್ಟು" ಅಂತ ನನ್ನ ವೇಲ್ ಎಳೆದ. ನನ್ನ ಮಗ ತುಂಬಾ ನಾಚಿಕೆಯ ಹುಡುಗ. ಯಾರಾದರೂ ಹೆಸರು ಕೇಳಿದರೆ ನನ್ನ ಹಿಂದೆ ಅವಿತುಕೊಳ್ಳುತ್ತಿದ್ದ. ಅವನು ತಾನಾಗಿ ಬೇಕು ಅಂದದ್ದು ಇದೊಂದನ್ನೇ.

ದೀಪಾವಳಿ ಕಳೆದ ವಾರ ಅವನ ಜನನ ಪ್ರಮಾಣಪತ್ರ, ಆಧಾರ್ ಜೆರಾಕ್ಸ್, ಎರಡು ಫೋಟೊ, ಒಂದಿಷ್ಟು ದುಡ್ಡು ಎಲ್ಲ ಹಿಡಿದುಕೊಂಡು ಸ್ಕೌಟ್ಸ್‌ನವರನ್ನು ಹುಡುಕಿಕೊಂಡು ಹೋದೆ. ಅಲ್ಲಿದ್ದ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಕಾಗದಗಳ ಕಡೆ ನೋಡಲೇ ಇಲ್ಲ. "ಮಗು ಯಾವ ಶಾಲೆ? ಅಲ್ಲಿ ಯೂನಿಟ್ ಇದೆಯೇನಮ್ಮಾ?" ಅಂತ ಕೇಳಿದರು. ನನಗೆ ಆ ಮಾತೇ ಹೊಸದು.

ಅವರು ಸಮಾಧಾನವಾಗಿ ಕೂರಿಸಿಕೊಂಡು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಇದೇ. ಮಗು ನೇರವಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಗೆ ಸೇರುವುದಿಲ್ಲ. ಒಂದು ಯೂನಿಟ್‌ಗೆ ಸೇರುತ್ತದೆ. ಆ ಯೂನಿಟ್ ಸಂಸ್ಥೆಯಲ್ಲಿ ನೋಂದಣಿ ಆಗಿರುತ್ತದೆ. ಸಾಮಾನ್ಯವಾಗಿ ಯೂನಿಟ್ ಇರುವುದು ಶಾಲೆಯಲ್ಲಿ. ಶಾಲೆಯ ಹೊರಗೆ ನಡೆಯುವ ಯೂನಿಟ್‌ಗಳೂ ಉಂಟು, ಅವಕ್ಕೆ ಓಪನ್ ಯೂನಿಟ್ ಅನ್ನುತ್ತಾರೆ. ಚಿಕ್ಕ ಗಂಡುಮಕ್ಕಳು ಕಬ್‌ಗಳು, ಅವರ ಗುಂಪಿಗೆ ಪ್ಯಾಕ್ ಅಂತ ಹೆಸರು. ಅದೇ ವಯಸ್ಸಿನ ಹೆಣ್ಣುಮಕ್ಕಳು ಬುಲ್‌ಬುಲ್‌ಗಳು, ಅವರದು ಫ್ಲಾಕ್. 10 ವರ್ಷ ತುಂಬಿದ ಮೇಲೆ ಹುಡುಗರು ಸ್ಕೌಟ್, ಹುಡುಗಿಯರು ಗೈಡ್ ಆಗುತ್ತಾರೆ. ಅಂಗನವಾಡಿ, ಎಲ್‌ಕೆಜಿ ವಯಸ್ಸಿನವರಿಗೆ ಬನ್ನಿ (ಇಂಗ್ಲಿಷಿನಲ್ಲಿ ಮೊಲದ ಮರಿ) ಅಂತ ಬೇರೆಯೇ ವಿಭಾಗ ಇದೆ. ಒಂದು ಕಬ್ ಪ್ಯಾಕ್ ಶುರು ಮಾಡಲು 12 ಮಕ್ಕಳು ಬೇಕು, 24 ದಾಟಬಾರದು. ಆರಾರು ಮಕ್ಕಳ ಗುಂಪು ಮಾಡುತ್ತಾರೆ. ಅದಕ್ಕೆ ಸಿಕ್ಸ್ ಅಂತಲೇ ಹೆಸರು, ಅದರ ಮುಂದಾಳು ಸಿಕ್ಸರ್. ಎಲ್ಲಕ್ಕಿಂತ ಮುಖ್ಯವಾದದ್ದು, ತರಬೇತಿ ಆದ ಒಬ್ಬ ದೊಡ್ಡವರು ಬೇಕು. ಅವರಿಲ್ಲದೆ ಪ್ಯಾಕ್ ಇಲ್ಲ.

ಹೊರಡುವಾಗ ಅವರು, "ಇಡೀ ದೇಶದಲ್ಲಿ ಸ್ಕೌಟಿಂಗ್ ಮೊದಲು ಶುರುವಾದದ್ದು ನಮ್ಮ ಬೆಂಗಳೂರಲ್ಲಮ್ಮಾ, 1909ರಲ್ಲಿ, ಬಿಷಪ್ ಕಾಟನ್ ಶಾಲೆಯಲ್ಲಿ. ಆಗ ನಮ್ಮ ಭಾರತೀಯ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಈಗ ಎಲ್ಲರಿಗೂ ಇದೆ. ನಡೆಸೋರು ಬೇಕು ಅಷ್ಟೇ" ಅಂದರು. ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಮಗನ ಶಾಲೆಯಲ್ಲಿ ಯೂನಿಟ್ ಇರಲಿಲ್ಲ. ಬೇರೆ ಶಾಲೆಯಲ್ಲಾದರೂ ಸೇರಿಸೋಣ ಅಂತ ವಿಚಾರಿಸಿದೆ. ಒಂದು ಶಾಲೆಯ ಗೋಡೆಯ ಮೇಲೆ ಕಬ್ ಪ್ಯಾಕ್ ಅಂತ ಬೋರ್ಡೇ ಇತ್ತು. ಖುಷಿಯಿಂದ ಒಳಗೆ ಹೋದೆ. ನಡೆಸುತ್ತಿದ್ದ ಮೇಷ್ಟ್ರಿಗೆ ವರ್ಗವಾಗಿ ಎರಡು ವರ್ಷ ಆಗಿತ್ತು. ಮಕ್ಕಳು ಸೇರುವುದೂ ನಿಂತಿತ್ತು, ನೋಂದಣಿಯೂ ನಿಂತಿತ್ತು. ಹಾಗಾಗಿ ಬೋರ್ಡ್ ನೋಡಿ ಹೋಗಬೇಡಿ. ಮೂರು ಪ್ರಶ್ನೆ ಕೇಳಿ: ಈ ವರ್ಷ ನೋಂದಣಿ ನವೀಕರಣ ಆಗಿದೆಯಾ? ಲೀಡರ್ ಯಾರು, ಅವರಿಗೆ ತರಬೇತಿ ಆಗಿದೆಯಾ? ವಾರದಲ್ಲಿ ಯಾವ ದಿನ ಮಕ್ಕಳು ಸೇರುತ್ತಾರೆ? ಮೂರನೆಯದಕ್ಕೆ ತಡವರಿಸದೆ ಉತ್ತರ ಬಂದರೆ ಆ ಪ್ಯಾಕ್ ಜೀವಂತವಾಗಿದೆ ಅಂತ ಅರ್ಥ.

ಹೋಗಿ ಬಂದು ಮಾಡುವಷ್ಟರಲ್ಲಿ ಡಿಸೆಂಬರ್ ಬಂತು. ಪರೀಕ್ಷೆ ಸಮಯ, ಈಗ ಯಾರೂ ಹೊಸದು ಶುರು ಮಾಡುವುದಿಲ್ಲ, ಜೂನ್‌ನಲ್ಲಿ ನೋಡೋಣ ಅಂದರು. ಆರು ತಿಂಗಳು ಸುಮ್ನೆ ಹೋಯಿತು. ಮಗ ನನ್ನ ಹಳೆಯ ಬಟ್ಟೆ ತುಂಡನ್ನು ಕುತ್ತಿಗೆಗೆ ಕಟ್ಟಿಕೊಂಡು ಮನೆ ತುಂಬಾ ಓಡಾಡುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಎಚ್‌ಎಂ ಅವರನ್ನು ಕಂಡೆ. ಅವರು ಬೇಡ ಅನ್ನಲಿಲ್ಲ. "ಟೀಚರ್ ಯಾರಾದರೂ ಒಪ್ಪಿದರೆ, ತಂದೆತಾಯಿಗಳು ಒಪ್ಪಿದರೆ, ನನ್ನದೇನೂ ಅಡ್ಡಿಯಿಲ್ಲ" ಅಂದರು. ಟೀಚರ್‌ಗಳಿಗೆ ಈಗಾಗಲೇ ಹೊರಲಾರದಷ್ಟು ಕೆಲಸ ಇದೆ, ಅದು ನನಗೂ ಗೊತ್ತು. ಎರಡನೇ ತರಗತಿಯ ಮಿಸ್ ಒಬ್ಬರೇ, "ನಾನು ಚಿಕ್ಕವಳಿದ್ದಾಗ ಗೈಡ್ ಆಗಿದ್ದೆ" ಅಂತ ಮುಂದೆ ಬಂದರು. ಗಂಡುಮಕ್ಕಳ ಪ್ಯಾಕನ್ನು ಹೆಂಗಸರೂ ನಡೆಸಬಹುದು. ಇದು ತುಂಬಾ ಜನರಿಗೆ ಗೊತ್ತಿಲ್ಲ, ಮೇಷ್ಟ್ರೇ ಬೇಕು ಅಂತ ಕಾಯುತ್ತಾ ಕೂರುತ್ತಾರೆ.

ಜುಲೈ ಮೊದಲ ಶನಿವಾರ ಪೋಷಕರ ಸಭೆ. ಹೊರಗೆ ಜೋರು ಮಳೆ. 31 ಜನ ಬಂದಿದ್ದರು. ಇದು ಎನ್‌ಸಿಸಿ ಥರ ಮಿಲಿಟರಿ ತರಬೇತಿನಾ? ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಟೆಂಟಿನಲ್ಲಿ ಮಲಗಿಸುತ್ತಾರಾ? ಓದಿಗೆ ತೊಂದರೆ ಆಗುತ್ತಾ? ಅಂತೆಲ್ಲ ಕೇಳಿದರು. ಮಿಸ್ ಒಂದೊಂದಕ್ಕೂ ಉತ್ತರ ಕೊಟ್ಟರು. ಸೈನ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಟೆಂಟು, ರಾತ್ರಿ ಶಿಬಿರ ಎಲ್ಲ ಮುಂದೆ ಸ್ಕೌಟ್ ಆದ ಮೇಲಿನ ಮಾತು. ಕಬ್ ವಯಸ್ಸಿಗೆ ಆಟ, ಕಥೆ, ಹಾಡು, ಕೈಕೆಲಸ, ಒಂದು ದಿನದ ಹೊರಸಂಚಾರ. ವಾರಕ್ಕೆ ಒಂದು ಗಂಟೆ.

ಹಿಂದಿನ ಬೆಂಚಿನಲ್ಲಿದ್ದ ಒಬ್ಬ ತಾಯಿ ಮೆಲ್ಲಗೆ ಎದ್ದು, "ಮಿಸ್, ನಾವು ಮುಸ್ಲಿಮರು. ಪ್ರಾರ್ಥನೆ, ಪ್ರತಿಜ್ಞೆ ಅಂತೆಲ್ಲ ಇರುತ್ತಂತಲ್ಲ, ನಮ್ಮ ಮಗನಿಗೆ ಆಗುತ್ತಾ?" ಅಂತ ಕೇಳಿದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಮಿಸ್ ಪುಸ್ತಕ ತೆಗೆದು ಓದಿಯೇ ಹೇಳಿದರು. ಇದು ರಾಜಕೀಯಕ್ಕೆ ಸೇರದ, ಜಾತಿ ಮತ ನೋಡದೆ ಎಲ್ಲರಿಗೂ ತೆರೆದಿರುವ ಸಂಸ್ಥೆ. ಪ್ರತಿಜ್ಞೆಯಲ್ಲಿ ದೇವರು ಅಂತ ಇದೆ, ಯಾವ ದೇವರು ಅಂತ ಇಲ್ಲ. ದೇವರು ಅನ್ನುವ ಕಡೆ ಧರ್ಮ ಅಂತ ಹೇಳಲೂ ಅವಕಾಶ ಇದೆ. ಆ ತಾಯಿ ಅಲ್ಲೇ ಹೆಸರು ಬರೆಸಿದರು. ಕೇಳಬೇಕೆಂದಿದ್ದು ಕೇಳಲಾಗದೆ ಮಗುವನ್ನು ಸೇರಿಸದೆ ಹೋಗುವವರು ಇರುತ್ತಾರಲ್ಲ, ಅವರಿಗೋಸ್ಕರ ಇದನ್ನು ಬರೆದಿದ್ದೇನೆ. ಆ ದಿನ 18 ಹೆಸರು ಸೇರಿದವು. ಮೂರು ಸಿಕ್ಸ್‌ಗೆ ಸರಿಯಾಯಿತು.

ನಾಲ್ಕು ಜನ ಹೆಣ್ಣುಮಕ್ಕಳ ತಾಯಂದಿರು, "ನಮ್ಮ ಮಕ್ಕಳನ್ನೂ ಇದರಲ್ಲೇ ಸೇರಿಸಿಕೊಳ್ಳಿ" ಅಂದರು. ಆಗಲಿಲ್ಲ. ಬುಲ್‌ಬುಲ್ ಫ್ಲಾಕ್ ಬೇರೆಯೇ ನೋಂದಣಿ, ಅದಕ್ಕೆ ಬೇರೆಯೇ ಲೀಡರ್, ಬೇರೆಯೇ ತರಬೇತಿ. ಅವರು ಬೇಸರದಿಂದ ಹೋದದ್ದು ನನಗೆ ಇನ್ನೂ ನೆನಪಿದೆ.

ಇನ್ನು ಕಾಗದಪತ್ರ. ಶಾಲೆಯ ಕಡೆಯಿಂದ ಅರ್ಜಿ, ಎಚ್‌ಎಂ ಸಹಿ ಮತ್ತು ಸೀಲು, ಮಕ್ಕಳ ಪಟ್ಟಿ, ಲೀಡರ್ ವಿವರ. ನಮ್ಮ ಕಡೆಯಿಂದ ಜನ್ಮದಿನಾಂಕದ ದಾಖಲೆ, ಫೋಟೊ, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ಒಪ್ಪಿಗೆ ಪತ್ರ. ಸಣ್ಣ ಕೆಲಸ ಅನ್ನಿಸುತ್ತೆ ಅಲ್ವಾ? ಇದಕ್ಕೇ ಐದು ವಾರ ಹಿಡಿಯಿತು. ಮೂರು ಮಕ್ಕಳ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರಲಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದಾಗ ಹೆಸರಿನ ಜಾಗ ಖಾಲಿ ಬಿಟ್ಟು ಕೊಟ್ಟಿದ್ದನ್ನು ಯಾರೂ ಮತ್ತೆ ಸರಿಪಡಿಸಿರಲಿಲ್ಲ. ಅದರಲ್ಲಿ ನನ್ನ ಮಗನದೂ ಒಂದು. ನಮ್ಮ ಪಟ್ಟಿಗೆ ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರ ಎಚ್‌ಎಂ ಕೊಟ್ಟ ವ್ಯಾಸಂಗ ಪ್ರಮಾಣಪತ್ರವೇ ಸಾಕಾಯಿತು. ಆದರೂ ನಾನು ಆ ನೆಪದಲ್ಲಿ ಹೆಸರು ಸೇರಿಸಿ ಹೊಸ ಪ್ರಮಾಣಪತ್ರ ತೆಗೆದುಕೊಂಡೆ. ನಿಮ್ಮ ಮಗುವಿನದನ್ನು ಇವತ್ತೇ ಬೀರುವಿನಿಂದ ತೆಗೆದು ನೋಡಿ. ನೋಂದಣಿಯಾದ 15 ವರ್ಷದೊಳಗೆ ಹೆಸರು ಸೇರಿಸಲು ಅವಕಾಶ ಇದೆ. ರಕ್ತದ ಗುಂಪು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಒಂದು ಶನಿವಾರ ಲ್ಯಾಬಿನವರೇ ಶಾಲೆಗೆ ಬಂದು ಎಲ್ಲ ಮಕ್ಕಳದೂ ನೋಡಿಕೊಟ್ಟರು.

ಇಷ್ಟಾದರೂ ಪ್ಯಾಕ್ ಶುರುವಾಗಲಿಲ್ಲ, ಏಕೆಂದರೆ ಮಿಸ್‌ಗೆ ತರಬೇತಿ ಆಗಿರಲಿಲ್ಲ. ಕಬ್ ಮಾಸ್ಟರ್, ಅಂದರೆ ಪ್ಯಾಕಿನ ಲೀಡರ್, ಆಗುವವರು ಮೊದಲು ಬೇಸಿಕ್ ಕೋರ್ಸ್ ಮಾಡಬೇಕು. ಏಳು ದಿನ, ಅಲ್ಲೇ ಉಳಿದು ಮಾಡುವಂಥದ್ದು. ಆಮೇಲೆ ಅಡ್ವಾನ್ಸ್ಡ್ ಕೋರ್ಸ್, ಅದಾದ ಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಅಂತ ಮುಂದೆ ಮುಂದೆ ಇದೆ. ಆಗಸ್ಟ್‌ನಲ್ಲಿ ಒಂದು ಕೋರ್ಸ್ ಇತ್ತು, ಶಾಲೆಯಲ್ಲಿ ರಜೆ ಹೊಂದಲಿಲ್ಲ. ಮುಂದಿನದು ದಸರಾ ರಜೆಯಲ್ಲಿ, ದೊಡ್ಡಬಳ್ಳಾಪುರದ ಡಾ. ಆನಿ ಬೆಸೆಂಟ್ ಪಾರ್ಕ್‌ನಲ್ಲಿ. ಅದು ರಾಜ್ಯ ಸಂಸ್ಥೆಯ ತರಬೇತಿ ಕೇಂದ್ರ.

ಇಲ್ಲಿ ಯಾರೂ ಎಣಿಸದ ಒಂದು ತೊಡಕು ಬಂತು. ಮಿಸ್‌ಗೆ ಎರಡೂವರೆ ವರ್ಷದ ಮಗಳಿದ್ದಾಳೆ. ಗಂಡ ಬೇರೆ ಊರಿನಲ್ಲಿ ಕೆಲಸ, ಅಮ್ಮನಿಗೆ ಹುಷಾರಿಲ್ಲ. "ಈ ಸಲ ಆಗಲ್ಲ ಅನ್ಸುತ್ತೆ, ಬೇಸಿಗೆಯಲ್ಲಿ ನೋಡೋಣ" ಅಂತ ಫೋನಿನಲ್ಲಿ ಹೇಳಿದರು. ಅವರ ದನಿಯಲ್ಲೇ ಅಳು ಇತ್ತು. ನಾನು ರಾತ್ರಿಯೆಲ್ಲ ಯೋಚನೆ ಮಾಡಿ, ಬೆಳಿಗ್ಗೆ ಅತ್ತೆಯನ್ನು ಕೇಳಿದೆ. ಅತ್ತೆ ಒಂದೇ ಮಾತು ಹೇಳಿದರು: "ಇಲ್ಲಿಗೆ ಕರ್ಕೊಂಡು ಬಾ. ನಮ್ಮ ಮಗು ಜೊತೆ ಅದೂ ಒಂದು."

ಆ ಮಗು ಏಳು ದಿನ ನಮ್ಮ ಮನೆಯಲ್ಲಿತ್ತು. ಮೊದಲ ರಾತ್ರಿ ಒಂದೇ ಸಮ ಅತ್ತಿತು. ಅತ್ತೆ ಮಂಡಿನೋವಿನಲ್ಲೂ ಎತ್ತಿಕೊಂಡು ಹಜಾರದಲ್ಲಿ ಓಡಾಡಿದರು. ಎರಡನೇ ದಿನದಿಂದ ಪ್ಯಾಕಿನ ಬೇರೆ ತಾಯಂದಿರು ಸರದಿ ಮೇಲೆ ಮಧ್ಯಾಹ್ನ ಬಂದು ಕೂರುತ್ತಿದ್ದರು. ಒಬ್ಬರು ಕಡುಬು ಮಾಡಿ ತಂದರು, ಒಬ್ಬರು ಮಗುವಿಗೆ ಮೆತ್ತಗೆ ರಾಗಿ ಸರಿ ತಂದರು. ಜುಲೈನ ಸಭೆಯಲ್ಲಿ ಮುಖ ನೋಡಿಕೊಂಡಿದ್ದ ನಾವು ಅಕ್ಕತಂಗಿಯರ ಹಾಗಾದದ್ದು ಆ ವಾರದಲ್ಲಿ. ಮಕ್ಕಳಿಗೆ ಕಲಿಸುವ ಮೊದಲು ನಾವೇ ಒಂದು ಪ್ಯಾಕ್ ಆಗಿದ್ದೆವು ಅಂತ ನನಗೆ ಈಗಲೂ ಅನ್ನಿಸುತ್ತದೆ. ನೀವು ಶಾಲೆಯಲ್ಲಿ ಹೊಸದಾಗಿ ಶುರು ಮಾಡಿಸುವುದಾದರೆ ಲೀಡರ್ ಆಗುವವರ ಮನೆಯ ಕಷ್ಟ ಏನು ಅಂತ ಮೊದಲೇ ಕೇಳಿ. ಮಕ್ಕಳ ಅರ್ಜಿಗಿಂತ ಅದು ದೊಡ್ಡ ವಿಷಯ.

ಆ ವಾರವೇ ನಾನು ಒಂದು ತಪ್ಪು ಮಾಡಿದೆ. ಮಿಸ್ ಬರುವಷ್ಟರಲ್ಲಿ ಮಕ್ಕಳ ಸ್ಕಾರ್ಫ್ ಹೊಲಿದು ಇಟ್ಟು ಖುಷಿಪಡಿಸೋಣ ಅಂತ ಕಟ್ಟಿನಕೆರೆ ಮಾರ್ಕೆಟ್ ಕಡೆ ಹೋಗಿ ಏಳು ಮೀಟರ್ ಹಳದಿ ಪಾಪ್ಲಿನ್ ತಂದೆ. ಅರಿಶಿನದ ಬಣ್ಣ, ಶುಭ ಅಂತ. ಮೀಟರಿಗೆ 65ರಂತೆ 455 ರೂಪಾಯಿ. ಕತ್ತರಿಸಿ, ಅಂಚು ಮಡಿಚಿ, 18 ಸ್ಕಾರ್ಫ್ ಹೊಲಿದೆ. ಮಿಸ್ ಬಂದು ನೋಡಿ ಮೊದಲು ತುಂಬಾ ಸಂತೋಷಪಟ್ಟರು, ಆಮೇಲೆ ಮುಖ ಸಪ್ಪಗಾಯಿತು. ಗ್ರೂಪ್ ಸ್ಕಾರ್ಫಿಗೆ ಹಸಿರು, ನೇರಳೆ, ಹಳದಿ ಈ ಮೂರು ಬಣ್ಣ ಬಳಸುವ ಹಾಗಿಲ್ಲ. ಅದು ನಿಯಮ. ನನಗೆ ಕಣ್ಣಲ್ಲಿ ನೀರೇ ಬಂತು. ಮತ್ತೆ ಕಡು ಕೆಂಪು ಬಟ್ಟೆ ತಂದು ಎರಡನೇ ಸಲ ಹೊಲಿದೆ.

ಹೊಲಿಯುವವರಿಗೆ ಹೇಳುತ್ತೇನೆ. ಸ್ಕಾರ್ಫ್ ಮೂರು ಮೂಲೆಯದು, ಎರಡು ಬದಿ 70ರಿಂದ 80 ಸೆಂಟಿಮೀಟರ್ ಇರಬೇಕು. 75 ಸೆಂಟಿಮೀಟರ್ ಚೌಕ ಕತ್ತರಿಸಿ ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ಸ್ಕಾರ್ಫ್ ಆಗುತ್ತದೆ. ಸೀಳಿದ ಉದ್ದನೆಯ ಬದಿ ಓರೆ ಎಳೆಯಲ್ಲಿ ಬರುವುದರಿಂದ ಎಳೆದರೆ ಹಿಗ್ಗುತ್ತದೆ. ಅಲ್ಲಿ ಬಟ್ಟೆ ಎಳೆಯದೆ ನಿಧಾನವಾಗಿ ಹೊಲಿಗೆ ಹಾಕಿ. ಶರ್ಟು, ಚಡ್ಡಿಯ ಬಟ್ಟೆಗೆ ಅಂಗಡಿಯವರ ಮಾತು ನಂಬಿ ಹೋಗಬೇಡಿ. ಲೀಡರ್ ಹತ್ತಿರ ಬಟ್ಟೆಯ ತುಂಡು ಇಸಕೊಂಡು, ಹಗಲು ಬೆಳಕಿನಲ್ಲಿ ಹೋಲಿಸಿ ತನ್ನಿ. ನಮ್ಮ ಪ್ಯಾಕಿನ ಮೂರು ಮಕ್ಕಳ ಶರ್ಟಿನ ಬಣ್ಣ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡು, ಮೈದಾನದಲ್ಲಿ ಬೇರೆಯಾಗಿ ಕಂಡವು. ಮಕ್ಕಳು ಬೆಳೆಯುತ್ತಾರೆ, ಅಂಚಿನಲ್ಲಿ ಎರಡು ಇಂಚು ಜಾಸ್ತಿ ಬಿಡಿ.

ಖರ್ಚು ಕೇಳುತ್ತಿದ್ದೀರಲ್ಲ, ನಮ್ಮದನ್ನು ಹೇಳುತ್ತೇನೆ. ಶರ್ಟು ಚಡ್ಡಿ ಬಟ್ಟೆಗೆ 480 ರೂಪಾಯಿ. ಹೊಲಿಗೆ ನನ್ನದೇ. ಹೊರಗೆ ಕೊಟ್ಟವರಿಗೆ 350 ಆಯಿತು. ಬೆಲ್ಟ್, ಟೋಪಿ, ಬ್ಯಾಡ್ಜ್‌ಗಳು, ಸ್ಕಾರ್ಫ್ ಸಿಗಿಸುವ ವಾಗಲ್ ಎಲ್ಲ ಸೇರಿ 420. ಮಿಸ್ ಕೋರ್ಸಿನ ಓಡಾಟಕ್ಕೆ ತಲಾ 100 ಹಾಕಿಕೊಂಡೆವು. ಸಂಸ್ಥೆಗೆ ಕಟ್ಟುವ ವರ್ಷದ ಶುಲ್ಕ ಈ ಎಲ್ಲದರ ಮುಂದೆ ತೀರಾ ಚಿಕ್ಕದು. ಇಬ್ಬರು ಮಕ್ಕಳ ಮನೆಯಲ್ಲಿ ಅಷ್ಟು ಹೊಂದಿಸುವುದೂ ಕಷ್ಟ ಇತ್ತು. ಅವರ ಸಮವಸ್ತ್ರವನ್ನು ನಾವೇ ಹೊಲಿದು ಕೊಟ್ಟೆವು, ಯಾರಿಗೂ ಹೇಳಲಿಲ್ಲ. ಸಮವಸ್ತ್ರ ಮೊದಲ ದಿನವೇ ಬೇಕಾಗಿಲ್ಲ. ಮಗು ಪ್ರವೇಶ ಅನ್ನುವ ಮೊದಲ ಹಂತ ಮುಗಿಸಿ ಎಲ್ಲರ ಮುಂದೆ ಪ್ರತಿಜ್ಞೆ ಹೇಳಿ ದೀಕ್ಷೆ ತೆಗೆದುಕೊಳ್ಳುವ ದಿನಕ್ಕೆ ಇದ್ದರೆ ಸಾಕು. ಅಷ್ಟರೊಳಗೆ ನಿಧಾನವಾಗಿ ಹೊಂದಿಸಿಕೊಳ್ಳಬಹುದು.

ಅಕ್ಟೋಬರ್ ಕೊನೆಯ ಶನಿವಾರ ಮೊದಲ ಸಲ 18 ಮಕ್ಕಳು ಮೈದಾನದಲ್ಲಿ ದುಂಡಗೆ ನಿಂತರು. ಆ ದಿನದಿಂದ ಮಿಸ್ ಮಕ್ಕಳಿಗೆ ಮಿಸ್ ಅಲ್ಲ, ಅಕೇಲಾ. ಜಂಗಲ್ ಬುಕ್ ಕಥೆಯ ತೋಳಗಳ ನಾಯಕನ ಹೆಸರು ಅದು. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸಿ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಅದು ದೊಡ್ಡ ಹುಡುಗರಿಗೆ ಮಾತ್ರ ಇತ್ತಂತೆ. ಅಣ್ಣಂದಿರನ್ನು ನೋಡಿ ತಮ್ಮಂದಿರೂ ಬೇಕು ಅಂದರು. ಹಾಗೆ 1916ರಲ್ಲಿ ಚಿಕ್ಕವರಿಗಾಗಿ ಈ ಕಾಡಿನ ಕಥೆ ಇಟ್ಟುಕೊಂಡು ಕಬ್ ಶುರುವಾಯಿತು. ನನ್ನ ಮಗನೂ ಒಬ್ಬ ಅಣ್ಣನನ್ನು ನೋಡಿಯೇ ಅಲ್ವಾ ಬೇಕು ಅಂದದ್ದು. ಮಿಸ್ ಇದನ್ನು ಹೇಳಿದಾಗ ನನಗೆ ಮೈ ಜುಂ ಅಂದಿತು. ಮಕ್ಕಳು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈಬೆರಳು ನೆಲಕ್ಕೆ ಊರಿ, ತೋಳದ ಮರಿಗಳ ಹಾಗೆ ಒಟ್ಟಿಗೆ ಕೂಗುವುದಕ್ಕೆ ಗ್ರ್ಯಾಂಡ್ ಹೌಲ್ ಅನ್ನುತ್ತಾರೆ. ಕೈಲಾದಷ್ಟೂ ಮಾಡುತ್ತೇವೆ ಅಂತ ಅದರ ಅರ್ಥ. ಕಬ್‌ಗಳ ಧ್ಯೇಯವಾಕ್ಯವೇ ಅದು. 17 ಮಕ್ಕಳು ಕೂಗಿದರು. ನನ್ನ ಮಗ ಬಾಯಿ ತೆರೆಯಲಿಲ್ಲ.

ಪ್ರವೇಶಕ್ಕೆ ನಮ್ಮಲ್ಲಿ ಮೂರು ತಿಂಗಳಿಗೂ ಜಾಸ್ತಿ ಹಿಡಿಯಿತು. ಕಬ್ ನಿಯಮ ಎರಡೇ: ದೊಡ್ಡವರ ಮಾತಿಗೆ ಬೆಲೆ ಕೊಡುವುದು, ಶುಚಿಯಾಗಿ ವಿನಯವಾಗಿ ಇರುವುದು. ಪ್ರತಿಜ್ಞೆಯಲ್ಲಿ ದೇವರಿಗೂ ದೇಶಕ್ಕೂ ಕರ್ತವ್ಯ, ನಿಯಮ ಪಾಲನೆ, ದಿನಕ್ಕೊಂದು ಒಳ್ಳೆಯ ಕೆಲಸ. ಪ್ರಾರ್ಥನೆ, ಧ್ವಜಗೀತೆ ಹಿಂದಿಯಲ್ಲಿವೆ. ಕನ್ನಡ ಬಿಟ್ಟು ಬೇರೆ ಕೇಳದ ಮಕ್ಕಳಿಗೆ ಅದು ಕಷ್ಟ. ಅಕೇಲಾ ಒಂದೊಂದು ಸಾಲಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿದ ಮೇಲೆಯೇ ಕಲಿಸಿದರು. ಮನೆಯಲ್ಲಿ ಉರು ಹೊಡೆಸುವ ಬದಲು ಅರ್ಥ ಕೇಳಿ, ಬೇಗ ಬರುತ್ತದೆ.

ದಿನಕ್ಕೊಂದು ಒಳ್ಳೆಯ ಕೆಲಸ ಅನ್ನುವುದನ್ನು ನಾನು ತಪ್ಪಾಗಿ ತಿಳಿದಿದ್ದೆ. ಗೋಡೆಗೆ ಒಂದು ಚಾರ್ಟ್ ಅಂಟಿಸಿ, ಮಾಡಿದ ದಿನ ನಕ್ಷತ್ರ ಅಂಟಿಸುತ್ತಿದ್ದೆ. ಹತ್ತು ನಕ್ಷತ್ರಕ್ಕೆ ಒಂದು ಚಾಕಲೇಟ್. ಮಗ ರಾತ್ರಿ ಮಲಗುವ ಮುಂಚೆ ನೆನಪಾಗಿ, ಖಾಲಿ ಇದ್ದ ಲೋಟವನ್ನು ಅಡುಗೆಮನೆಗೆ ಇಟ್ಟು ಬಂದು, "ಅಮ್ಮ, ನಕ್ಷತ್ರ" ಅನ್ನುತ್ತಿದ್ದ. ಅಕೇಲಾ ಮನೆಗೆ ಬಂದಾಗ ಚಾರ್ಟ್ ನೋಡಿ, "ಅಕ್ಕ, ಬೇಜಾರು ಮಾಡ್ಕೋಬೇಡಿ, ಇದನ್ನು ತೆಗೆದುಬಿಡಿ. ಹಾಸನಾಂಬೆ ಹತ್ತಿರ ಆ ಹುಡುಗ 20 ರೂಪಾಯಿ ಯಾಕೆ ಬೇಡ ಅಂದ, ಅದನ್ನು ಇವನಿಗೆ ಕೇಳಿ" ಅಂದರು. ಅವತ್ತೇ ತೆಗೆದೆ. ಒಂದೆರಡು ವಾರ ಏನೂ ಮಾಡಲಿಲ್ಲ ಹುಡುಗ. ನಾನು ಸುಮ್ಮನಿದ್ದೆ, ಸುಮ್ಮನಿರುವುದು ನನಗೆ ಕಷ್ಟವಾಗಿತ್ತು. ಡಿಸೆಂಬರ್ ಚಳಿಯಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ, ಅತ್ತೆಯ ಮಂಡಿಗೆ ಬಿಸಿ ಬಟ್ಟೆ ಸುತ್ತಿ ಕಟ್ಟುತ್ತಿದ್ದಾನೆ. ಕಲಿತ ರೀಫ್ ಗಂಟನ್ನೇ ಹಾಕಿದ್ದ. "ಇದು ಚಪ್ಪಟೆಯಾಗಿ ಕೂರುತ್ತೆ ಅಜ್ಜಿ, ಒತ್ತಲ್ಲ" ಅಂತ ಹೇಳುತ್ತಿದ್ದ. ನನಗೆ ಹೇಳಲೂ ಇಲ್ಲ, ಆಮೇಲೂ ಹೇಳಲಿಲ್ಲ.

ನವೆಂಬರ್ 7 ಸಂಸ್ಥೆಯ ಸ್ಥಾಪನಾ ದಿನ. 1950ರ ಆ ದಿನ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಮಕ್ಕಳು ಧ್ವಜದ ಸ್ಟಿಕ್ಕರ್ ಕೊಟ್ಟು ದೇಣಿಗೆ ಕೇಳುತ್ತಾರೆ. ನಮ್ಮವನು ಹತ್ತನ್ನೂ ವಾಪಸ್ ತಂದಿದ್ದ, ಯಾರನ್ನೂ ಕೇಳಲಾಗಲಿಲ್ಲ ಅಂತ. ಜನವರಿಯಲ್ಲಿ ಗೆಂಡೆಕಟ್ಟೆ ವನಧಾಮಕ್ಕೆ ಒಂದು ದಿನದ ಹೊರಸಂಚಾರ. ಒಪ್ಪಿಗೆ ಪತ್ರ ಮತ್ತೆ ಬೇಕು, ಜುಲೈನದು ನಡೆಯುವುದಿಲ್ಲ. ಆರು ಮಕ್ಕಳಿಗೆ ಒಬ್ಬರಂತೆ ದೊಡ್ಡವರು ಹೋದೆವು. ಎಲೆ, ಬೀಜ, ಕಲ್ಲು, ಗರಿ ಅಂತ 24 ವಸ್ತು ಬಟ್ಟೆಯ ಮೇಲೆ ಹರಡಿ, ಒಂದು ನಿಮಿಷ ತೋರಿಸಿ, ಮುಚ್ಚಿ, ಏನೇನಿತ್ತು ಹೇಳಿ ಅನ್ನುವ ಆಟ ಆಡಿಸಿದರು. ನನ್ನ ಮಗ 21 ಹೇಳಿದ. ಮಾತಾಡದ ಹುಡುಗ ಎಲ್ಲವನ್ನೂ ನೋಡುತ್ತಿರುತ್ತಾನೆ ಅಂತ ಆ ದಿನ ಉಳಿದ ಮಕ್ಕಳಿಗೂ ಗೊತ್ತಾಯಿತು. ಮುಂದಿನ ಶನಿವಾರ ಗ್ರ್ಯಾಂಡ್ ಹೌಲ್‌ನಲ್ಲಿ ಅವನ ತುಟಿ ಅಲ್ಲಾಡಿತು.

ದೀಕ್ಷೆಗೆ ಫೆಬ್ರವರಿ 22 ಗೊತ್ತಾಯಿತು. ಅದು ಬೇಡನ್ ಪೊವೆಲ್ ಹುಟ್ಟಿದ ದಿನ, ಲೋಕದಲ್ಲೆಲ್ಲ ಆಚರಿಸುತ್ತಾರೆ. ಹಿಂದಿನ ರಾತ್ರಿ ಮಗನಿಗೆ ನಿದ್ದೆ ಇಲ್ಲ. ಪ್ರತಿಜ್ಞೆ ಪೂರ್ತಿ ಬರುತ್ತಿತ್ತು, ಆದರೆ ಎಲ್ಲರ ಮುಂದೆ ಒಬ್ಬನೇ ಹೇಳಬೇಕು. ಬೆಳಿಗ್ಗೆ ಅವನ ಸರದಿ ಹನ್ನೊಂದನೆಯದು. ಮುಂದೆ ಹೋಗಿ ನಿಂತ. ಒಂದು ಸಾಲು ಹೇಳಿದ, ನಿಂತುಬಿಟ್ಟ. ಮೈದಾನವೆಲ್ಲ ನಿಶ್ಶಬ್ದ. ನಾನು ಕೂತಲ್ಲೇ ಬೆವತೆ. ಅಕೇಲಾ ಹೇಳಿಕೊಡಲಿಲ್ಲ, ಅವಸರ ಮಾಡಲಿಲ್ಲ. ಮೆಲ್ಲನೆ ಮಂಡಿಯೂರಿ ಅವನ ಎತ್ತರಕ್ಕೆ ಬಂದು, ಅವನ ಮುಖವನ್ನೇ ನೋಡುತ್ತಾ ಕಾದರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಅವನು ಮತ್ತೆ ಮೊದಲಿನಿಂದ ಶುರು ಮಾಡಿ, ಅವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಪೂರ್ತಿ ಹೇಳಿದ. ಅವರು ಕೆಂಪು ಸ್ಕಾರ್ಫ್ ಹಾಕಿ, ಬ್ಯಾಡ್ಜ್ ಚುಚ್ಚಿ, ಎಡಗೈ ಚಾಚಿದರು. ಅವನೂ ಎಡಗೈ ಕೊಟ್ಟ.

ನನ್ನ ಪಕ್ಕ ಕೂತಿದ್ದ ಅತ್ತೆ, "ಏನೇ ಇದು, ಶುಭ ಕೆಲಸದಲ್ಲಿ ಎಡಗೈ ಕೊಡ್ತಾರಾ?" ಅಂತ ಕಸಿವಿಸಿಗೊಂಡರು. ನಿಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವ ಮುಂಚೆಯೇ ಇದನ್ನು ಹೇಳಿಬಿಡಿ. ಸ್ಕೌಟ್‌ಗಳು ಎಲ್ಲ ದೇಶದಲ್ಲೂ ಎಡಗೈಯನ್ನೇ ಕುಲುಕುವುದು. ಮನೆಗೆ ಬಂದ ಮೇಲೆ ಮಗನೇ ಅಜ್ಜಿಗೆ ವಿವರಿಸಿದ: "ಹೃದಯ ಈ ಕಡೆ ಇದೆಯಲ್ಲ ಅಜ್ಜಿ, ಅದಕ್ಕೇ." ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಎಡಗೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದರು.

ಇನ್ನು ಮುಂದೆ ಪ್ರಥಮ ಚರಣ, ದ್ವಿತೀಯ, ತೃತೀಯ, ಚತುರ್ಥ ಚರಣ, ಆಮೇಲೆ ಗೋಲ್ಡನ್ ಆ್ಯರೋ. ಹುಡುಗಿಯರಿಗೆ ಇದೇ ಹಂತಗಳಿಗೆ ಕೋಮಲ್ ಪಂಖ್, ರಜತ್ ಪಂಖ್, ಸ್ವರ್ಣ ಪಂಖ್, ಹೀರಕ್ ಪಂಖ್ ಅಂತ ಹೆಸರು. ಹತ್ತು ವರ್ಷ ತುಂಬುವುದರೊಳಗೆ ಮುಗಿಸಬೇಕು, ಹಾಗಾಗಿ ನಾಲ್ಕನೇ ತರಗತಿಗೆ ಬಂದ ಮೇಲೆ ಶುರು ಮಾಡುವವರಿಗೆ ಸಮಯ ಸಾಲದು. ಒಂದು ಎರಡನೇ ತರಗತಿಯಲ್ಲೇ ಸೇರಿಸಿ. ಪ್ಯಾಕಿನ ನೋಂದಣಿ ಪ್ರತಿ ವರ್ಷ ನವೀಕರಿಸಬೇಕು. ಅದನ್ನು ಮಿಸ್ ಒಬ್ಬರ ತಲೆಗೇ ಬಿಡದೆ ನಾವು ಇಬ್ಬರು ತಾಯಂದಿರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇವೆ.

ಹಳದಿ ಸ್ಕಾರ್ಫ್‌ಗಳನ್ನು ಬಿಚ್ಚಿ 18 ಪುಟ್ಟ ಚೀಲ ಹೊಲಿದೆ. ಗಂಟು ಹಾಕಲು ಕಲಿಯುವ ಹಗ್ಗ, ಹತ್ತಿ, ಬ್ಯಾಂಡೇಜ್ ಇಟ್ಟುಕೊಳ್ಳಲು ಮಕ್ಕಳು ಅದನ್ನೇ ತರುತ್ತಾರೆ.

ಜುಲೈ ಸಭೆಯಿಂದ ಬೇಸರದಲ್ಲಿ ಹೋಗಿದ್ದ ನಾಲ್ಕು ತಾಯಂದಿರು ಮೊನ್ನೆ ಮತ್ತೆ ಬಂದಿದ್ದರು, ಈಗ 14 ಹುಡುಗಿಯರ ಪಟ್ಟಿ ಹಿಡಿದುಕೊಂಡು. ಮೂರನೇ ತರಗತಿಯ ಮಿಸ್ ಬುಲ್‌ಬುಲ್ ಫ್ಲಾಕ್ ನಡೆಸಲು ಒಪ್ಪಿದ್ದಾರೆ. ಬೇಸಿಗೆ ರಜೆಯಲ್ಲಿ ಅವರಿಗೆ ಏಳು ದಿನದ ಕೋರ್ಸ್. ಅವರಿಗೆ ನಾಲ್ಕು ವರ್ಷದ ಮಗ ಇದ್ದಾನೆ. ಅವನನ್ನು ನೋಡಿಕೊಳ್ಳುವ ಸರದಿಯನ್ನು ನಿನ್ನೆ ಬರೆದು ಮುಗಿಸಿದೆವು. ಮೊದಲ ಎರಡು ದಿನ ನಮ್ಮ ಮನೆ.